ಕರೆಂಟಿಲ್ಲದ ಕಾಡುಮನೆಯಲ್ಲಿ ಚಳಿಗಾಲದ ಬಿಸಿನೀರ ಸ್ನಾನ: ಗ್ಯಾಸೋ, ಬಿಸಿಲೋ, ಒಲೆಯೋ?

ಒಂಟಿಮನೆ:
ಎಲ್ಲರಿಗೂ ನಮಸ್ಕಾರ. ಕಾಡಿನಂಚಿನಲ್ಲಿ ನಮ್ಮದೊಂದು ಮರದ ಸಣ್ಣ ಮನೆಯಿದೆ. ಅಲ್ಲಿಗೆ ಕರೆಂಟಿನ ಕಂಬ ಬಂದಿಲ್ಲ, ಬರುವ ಸೂಚನೆಯೂ ಇಲ್ಲ. ಬೇಸಿಗೆಯಲ್ಲಿ ಕಪ್ಪು ಚೀಲಕ್ಕೆ ನೀರು ತುಂಬಿ ಬಿಸಿಲಿಗೆ ನೇತುಹಾಕಿದರೆ ಸಂಜೆಯ ಹೊತ್ತಿಗೆ ಇಬ್ಬರ ಸ್ನಾನಕ್ಕೆ ಸಾಲುವಷ್ಟು ಬಿಸಿನೀರು ಸಿಗುತ್ತಿತ್ತು. ಈ ವರ್ಷ ಮೊದಲ ಬಾರಿಗೆ ಚಳಿಗಾಲವನ್ನೂ ಅಲ್ಲಿಯೇ ಕಳೆಯಲು ತೀರ್ಮಾನಿಸಿದೆವು. ಮೊದಲ ವಾರದಲ್ಲಿಯೇ ಆ ಚೀಲದ ಬಂಡವಾಳ ಬಯಲಾಯಿತು: ಮಧ್ಯಾಹ್ನ ಮೂರು ಗಂಟೆಗೆ ಮುಟ್ಟಿ ನೋಡಿದರೆ ಬಿಸಿಲಿಗೆ ಮುಖ ಮಾಡಿದ ಬದಿ ಉಗುರುಬೆಚ್ಚಗಿತ್ತು, ಹಿಂಬದಿಯ ನೀರು ಒರತೆಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಇತ್ತು.

ನಮ್ಮಲ್ಲಿರುವುದು ಇಷ್ಟು. ಒರತೆಯ ನೀರು ಕೊಳವೆಯಲ್ಲಿ ಬರುತ್ತದೆ, ಈಗ ಅದು 5 ಡಿಗ್ರಿ ಇದೆ. ಛಾವಣಿಯ ಮೇಲೆ 200 ವ್ಯಾಟಿನ ಸೌರಫಲಕ, ಒಳಗೆ 12 ವೋಲ್ಟಿನ 100 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿ. ಕೋಣೆ ಬೆಚ್ಚಗಾಗಿಸಲು ಕಟ್ಟಿಗೆಯ ಕಬ್ಬಿಣದ ಒಲೆ. ಬಚ್ಚಲು ಮನೆಗೆ ತಾಗಿಕೊಂಡೇ ಇದೆ, ಉದ್ದಗಲ ಒಂದೂವರೆ ಮೀಟರ್, ಎತ್ತರ ಎರಡು ಮೀಟರ್. ರಾತ್ರಿ ಹೊರಗಿನ ಉಷ್ಣಾಂಶ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುತ್ತದೆ. ಗ್ಯಾಸ್ ಗೀಸರ್ ಹಾಕಿಸಬೇಕೆ, ಸೋಲಾರ್ ವಾಟರ್ ಹೀಟರ್ ಒಳ್ಳೆಯದೆ, ಅಥವಾ ಇನ್ನೇನಾದರೂ ಉಪಾಯವಿದೆಯೆ? ದಿನಕ್ಕೊಂದು ಸ್ನಾನ ಎಂಬ ಹಟವಿಲ್ಲ. ಎರಡು ದಿನಕ್ಕೊಮ್ಮೆ ನಡುಗದೆ ಸ್ನಾನ ಮಾಡಿ ಹೊರಬಂದರೆ ಸಾಕು.

ಇದ್ದಿಲು:
ಗ್ಯಾಸ್ ಗೀಸರ್ ಹಾಕಿಸಿಬಿಡಿ. ಇದರಲ್ಲಿ ಚರ್ಚೆಗೆ ಏನಿದೆ ಎಂಬುದೇ ನನಗೆ ಅರ್ಥವಾಗುತ್ತಿಲ್ಲ.

ತಣ್ಣೀರು:
ಇಮ್ಮರ್ಷನ್ ರಾಡ್ ಮತ್ತು ಒಂದು ದೊಡ್ಡ ಇನ್ವರ್ಟರ್ ಇದ್ದರೆ ಬ್ಯಾಟರಿಯಿಂದಲೇ ಕೆಲಸ ಆಗುವುದಿಲ್ಲವೆ? ಫಲಕ ಹೇಗಿದ್ದರೂ ಇದೆಯಲ್ಲ.

ಲೆಕ್ಕದ_ಮೇಷ್ಟ್ರು:
ಆಗುವುದಿಲ್ಲ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದರೆ ಇದೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು, ಅಂದರೆ ಸುಮಾರು 1.16 ವ್ಯಾಟ್-ಗಂಟೆ. 20 ಲೀಟರ್ ನೀರನ್ನು 5 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕಾದರೆ 20ನ್ನು 35ರಿಂದ ಗುಣಿಸಿ: 700 ಕಿಲೋಕ್ಯಾಲೊರಿ, ಅಂದರೆ 0.81 ಯೂನಿಟ್. ಇವರ ಬ್ಯಾಟರಿಯಲ್ಲಿ ಕಾಗದದ ಮೇಲೆ 1.2 ಯೂನಿಟ್ ಇದೆ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ, ಚಳಿಯಲ್ಲಿ ಆ ಅರ್ಧವೂ ಪೂರ್ತಿ ಸಿಗುವುದಿಲ್ಲ. ಸಾಲದ್ದಕ್ಕೆ 1500 ವ್ಯಾಟಿನ ರಾಡ್ 12 ವೋಲ್ಟಿನ ಬ್ಯಾಟರಿಯಿಂದ 125 ಆಂಪಿಯರ್ ಎಳೆಯುತ್ತದೆ. ಆ ತಂತಿ ಹೆಬ್ಬೆರಳಿನಷ್ಟು ದಪ್ಪವಿರದಿದ್ದರೆ ನೀರಿಗಿಂತ ಮೊದಲು ತಂತಿಯೇ ಕಾಯುತ್ತದೆ. 200 ವ್ಯಾಟಿನ ಫಲಕಕ್ಕೆ ಚಳಿಗಾಲದ ದಿನದಲ್ಲಿ ಮೂರು ಗಂಟೆಯ ಪೂರ್ಣ ಬಿಸಿಲು ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ದಿನವಿಡೀ ದುಡಿದರೂ ಅದು ಕೊಡುವುದು 0.6 ಯೂನಿಟ್. ದೀಪ, ಫೋನು, ಪಂಪು ಎಲ್ಲವನ್ನೂ ಆರಿಸಿ ಕತ್ತಲಲ್ಲಿ ಕುಳಿತರೂ ಒಬ್ಬರ ಸ್ನಾನಕ್ಕೆ ಅದು ಸಾಲದು.

ಇದೇ ಲೆಕ್ಕವನ್ನು ಕಟ್ಟಿಗೆಗೆ ಹಾಕಿ ನೋಡಿ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖವಿದೆ. ಅದರ ಐದನೆಯ ಒಂದು ಭಾಗ ಮಾತ್ರ ನೀರಿಗೆ ಸೇರಿ ಉಳಿದದ್ದು ಕೋಣೆಗೂ ಹೊಗೆಗೂ ಹೋಯಿತೆಂದು ಹಿಡಿದರೂ ಒಂದು ಕಿಲೋ ಸೌದೆಗೆ ಒಂದು ಸ್ನಾನ ಆಯಿತು. ಕೋಣೆಗೆ ಹೋದದ್ದೂ ನಷ್ಟವಲ್ಲ, ಆ ಒಲೆ ಹೇಗಿದ್ದರೂ ಉರಿಯುತ್ತಿರುತ್ತದೆ.

ತಣ್ಣೀರು:
ಸರಿ, ಒಪ್ಪಿದೆ. ರಾಡಿನ ಆಸೆಯನ್ನು ಕೈಬಿಟ್ಟಿದ್ದೇನೆ.

ಇದ್ದಿಲು:
ಮೇಷ್ಟ್ರೇ, ಗ್ಯಾಸಿನ ಲೆಕ್ಕವನ್ನು ಮಾತ್ರ ಏಕೆ ಬಿಟ್ಟಿರಿ? ಒಂದು ಕಿಲೋ ಪ್ರೋಪೇನಿನಲ್ಲಿ ಸುಮಾರು 12.8 ಯೂನಿಟ್ ಇದೆ, ಗೀಸರ್ ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ನೀರಿಗೆ ದಾಟಿಸುತ್ತದೆ. ಅಂದರೆ ನಿಮ್ಮ ಅದೇ 20 ಲೀಟರಿಗೆ 80 ಗ್ರಾಂ ಗ್ಯಾಸ್ ಸಾಕು. ನಲ್ಲಿ ತಿರುಗಿಸಿದರೆ ಬಿಸಿನೀರು, ಬೂದಿ ಬಳಿಯುವ ಕೆಲಸವಿಲ್ಲ, ಒಲೆಯ ಮುಂದೆ ಕಾಯುವ ಕೆಲಸವೂ ಇಲ್ಲ.

ನಲ್ಲಿತಿರುವು:
ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ ಎಂಬ ಮಾತಿಗೆ ಮೂರ‍್ನಾಲ್ಕು ಷರತ್ತುಗಳಿವೆ. ನಾನು ಇಂತಹ ಮನೆಗಳಿಗೆ ಕೊಳಾಯಿ ಕೆಲಸ ಮಾಡಿಕೊಡುವವನು, ಆದ್ದರಿಂದ ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ಮೊದಲನೆಯದು ಒತ್ತಡ. ಹೆಚ್ಚಿನ ತತ್‌ಕ್ಷಣದ ಗೀಸರುಗಳು ನೀರಿನ ರಭಸ ಒಂದು ಮಟ್ಟಕ್ಕೆ ಬಾರದೆ ಹೊತ್ತಿಕೊಳ್ಳುವುದೇ ಇಲ್ಲ. ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ ಸಿಗುತ್ತದೆ, ಮನೆಯ ಅಟ್ಟದ ಮೇಲೆ ಎರಡು ಮೀಟರ್ ಎತ್ತರದಲ್ಲಿದ್ದರೆ 0.2 ಬಾರ್ ಮಾತ್ರ. ಆಗ ಗೀಸರ್ ಒಮ್ಮೆ ಹೊತ್ತಿ ಒಮ್ಮೆ ಆರಿ, ನೀವು ಸೋಪು ಹಚ್ಚಿಕೊಂಡು ನಿಂತಿರುವಾಗ ತಲೆಯ ಮೇಲೆ 5 ಡಿಗ್ರಿಯ ನೀರನ್ನು ಸುರಿಯುತ್ತದೆ. ಇದಕ್ಕೆ 12 ವೋಲ್ಟಿನ ಡಯಾಫ್ರಾಮ್ ಪಂಪು ಪರಿಹಾರ, ಅದರ ಖರ್ಚನ್ನು ಇವರ ಬ್ಯಾಟರಿ ಸುಲಭವಾಗಿ ತಾಳುತ್ತದೆ.

ಎರಡನೆಯದು, ಡಬ್ಬದ ಮೇಲೆ ‘ನಿಮಿಷಕ್ಕೆ 6 ಲೀಟರ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 25 ಡಿಗ್ರಿ ಏರಿಕೆಗೆ ಹೇಳಿದ ಮಾತು. ನಿಮಗೆ 35 ಡಿಗ್ರಿ ಏರಿಕೆ ಬೇಕಾದರೆ ಅದೇ ಯಂತ್ರದಿಂದ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಸ್ನಾನಕ್ಕೆ ಅಷ್ಟು ಸಾಕು, ಆದರೆ ಷವರಿನ ತೂತುಗಳು ಸಣ್ಣದಾಗಿರಬೇಕು.

ಮೂರನೆಯದು, ಸಿಲಿಂಡರಿನಲ್ಲಿ ಏನಿದೆ ಎಂಬುದು. ಬ್ಯುಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಪ್ರೋಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಬ್ಯುಟೇನ್ ಹೆಚ್ಚಿರುವ ಸಿಲಿಂಡರನ್ನು ಚಳಿಯ ಬೆಳಗ್ಗೆ ಹೊರಗಿಟ್ಟರೆ ಒಳಗೆ ದ್ರವ ತುಂಬಿದ್ದರೂ ಬರ್ನರಿಗೆ ಅನಿಲ ಬರುವುದಿಲ್ಲ, ಮತ್ತು ಜನ ಖಾಲಿಯಾಯಿತೆಂದು ತಿಳಿದು ಇನ್ನೊಂದನ್ನು ಹೊತ್ತು ತರುತ್ತಾರೆ. ದಯವಿಟ್ಟು ಸಿಲಿಂಡರನ್ನು ಒಲೆಯ ಹತ್ತಿರ ತಂದು ಬೆಚ್ಚಗಾಗಿಸಲು ಹೋಗಬೇಡಿ, ಪ್ರೋಪೇನನ್ನೇ ಕೇಳಿ ತನ್ನಿ.

ನಾಲ್ಕನೆಯದು ಹೆಪ್ಪುಗಟ್ಟುವಿಕೆ. ಇದರ ಬಗ್ಗೆ ಬೇರೆಯವರು ಬರೆಯುತ್ತಾರೆ ಎಂದುಕೊಂಡಿದ್ದೇನೆ, ಏಕೆಂದರೆ ಗೀಸರ್ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ಕಥೆಯಿರುತ್ತದೆ.

ಅರೆನಿದ್ರೆ:
ಆ ಕಥೆ ನನ್ನ ಬಳಿ ಇದೆ. ಮೊದಲ ಚಳಿಗಾಲದಲ್ಲಿ ನಾನು ಕೊಳವೆಯ ನೀರನ್ನೆಲ್ಲ ಬಸಿದೆ, ಪಂಪನ್ನು ಒಳಗೆ ತಂದಿಟ್ಟೆ, ಗೀಸರಿನ ಕೆಳಗಿನ ಪುಟ್ಟ ತಿರುಪನ್ನು ಮಾತ್ರ ಬಿಚ್ಚಲಿಲ್ಲ. ಬೆರಳುಗಳು ಮರಗಟ್ಟಿದ್ದವು, ತಿರುಪು ಜಾರುತ್ತಿತ್ತು, ಒಂದು ರಾತ್ರಿಗೆ ಏನಾಗುತ್ತದೆ ಎಂದುಕೊಂಡೆ. ಒಳಗೆ ಉಳಿದದ್ದು ಅರ್ಧ ಲೋಟ ನೀರು ಇದ್ದಿರಬಹುದು. ಮರುದಿನ ಮಧ್ಯಾಹ್ನ ನೀರು ಬಿಟ್ಟಾಗ ತಾಮ್ರದ ಸುರುಳಿಯ ಒಂದು ಬಾಗಿನಲ್ಲಿ ಕೂದಲೆಳೆಯಷ್ಟು ಬಿರುಕಿನಿಂದ ನೀರು ಬೀಸಣಿಗೆಯಂತೆ ಚಿಮ್ಮಿತು. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೆ, ಅದನ್ನು ನಂಬಲು ಒಂದು ಗೀಸರ್ ಕಳೆದುಕೊಳ್ಳಬೇಕಾಯಿತು.

ಇದ್ದಿಲು:
ಅದು ಗೀಸರಿನ ತಪ್ಪಲ್ಲವಲ್ಲ.

ಅರೆನಿದ್ರೆ:
ಖಂಡಿತ ನನ್ನದೇ ತಪ್ಪು. ಆದರೆ ಪ್ರತಿ ಸ್ನಾನದ ಬಳಿಕವೂ, ಒದ್ದೆ ತಲೆಯಲ್ಲಿ, ಕತ್ತಲಲ್ಲಿ, ತಪ್ಪದೆ ಬಿಚ್ಚಬೇಕಾದ ತಿರುಪು ಇರುವ ಯಂತ್ರವನ್ನು ‘ನಲ್ಲಿ ತಿರುಗಿಸಿದರೆ ಸಾಕು’ ಎಂದು ವರ್ಣಿಸುವುದು ನ್ಯಾಯವಲ್ಲ.

ಬೆಟ್ಟದಂಚು:
ಗೀಸರನ್ನು ಬಚ್ಚಲಿನ ಒಳಗೇ ಹಾಕಿಸಿಕೊಳ್ಳಿ, ಆಗ ಹೆಪ್ಪುಗಟ್ಟುವ ಸಮಸ್ಯೆಯೂ ಇರುವುದಿಲ್ಲ, ಅದರ ಬಿಸಿಯೂ ಒಳಗೇ ಉಳಿಯುತ್ತದೆ. ಗಾಳಿಗೆ ಬಾಗಿಲನ್ನು ಸ್ವಲ್ಪ ಓರೆ ಮಾಡಿಟ್ಟರೆ ಆಯಿತು.

ಹೊಗೆಕೊಳವೆ:
ಇಲ್ಲ, ಇಲ್ಲ. ಈ ಸಲಹೆಯನ್ನು ಯಾರೂ ಪಾಲಿಸಬಾರದು. ಒಂದು ಕಿಲೋ ಪ್ರೋಪೇನ್ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಇಂತಹ ಗೀಸರ್ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಉರಿಸುತ್ತದೆ. ಒಂಟಿಮನೆಯವರ ಬಚ್ಚಲಿನ ಅಳತೆಯ ಪ್ರಕಾರ ಅಲ್ಲಿರುವ ಗಾಳಿ ನಾಲ್ಕೂವರೆ ಘನ ಮೀಟರ್. ಇಪ್ಪತ್ತು ನಿಮಿಷದ ಸ್ನಾನದಲ್ಲಿ ಆ ಯಂತ್ರ ಬಚ್ಚಲಿನ ಹೆಚ್ಚುಕಡಿಮೆ ಅಷ್ಟೂ ಗಾಳಿಯನ್ನು ನುಂಗಿಬಿಡುತ್ತದೆ. ಗಾಳಿ ಸಾಲದೆ ಹೋದಾಗ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ ಬರುತ್ತದೆ, ಬಿಸಿನೀರಿನ ಮಂಪರು ಎಂದುಕೊಂಡು ಸುಮ್ಮನಾಗುತ್ತೇವೆ, ಬಾಗಿಲ ಕಡೆ ಹೋಗಬೇಕೆನಿಸುವಷ್ಟರಲ್ಲಿ ಕಾಲು ಮಾತು ಕೇಳುವುದಿಲ್ಲ. ಚಳಿಯಲ್ಲಿ ನಡುಗುತ್ತಿರುವವರು ಬಾಗಿಲನ್ನು ಓರೆ ಮಾಡಿಡುತ್ತಾರೆ ಎಂಬ ಭರವಸೆಯ ಮೇಲೆ ಜೀವ ಇಡಲಾಗದು.

ಗೀಸರ್ ಹೊರಗೋಡೆಯ ಮೇಲಿರಲಿ, ಇಲ್ಲವೆ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಮುಚ್ಚಿದ ಮಾದರಿಯಾಗಿರಲಿ. ಕಟ್ಟಿಗೆಯ ಒಲೆ ಇರುವವರಿಗೂ ಸೇರಿಸಿ ಹೇಳುತ್ತೇನೆ, ಮಲಗುವ ಕೋಣೆಯಲ್ಲಿ ಬ್ಯಾಟರಿಯ ಮಾನಾಕ್ಸೈಡ್ ಅಲಾರಂ ಒಂದು ಇರಲೇಬೇಕು.

ಬೆಟ್ಟದಂಚು:
ಮೂರು ವರ್ಷದಿಂದ ನನ್ನದು ಒಳಗೇ ಇದೆ, ಏನೂ ಆಗಿಲ್ಲ.

ಹೊಗೆಕೊಳವೆ:
ಬರ್ನರಿನ ತೂತಿಗೆ ಜೇಡ ಬಲೆ ಕಟ್ಟುವವರೆಗೆ ಆಗುವುದಿಲ್ಲ. ಈ ವಾರವೇ ಹೊರಗೆ ಹಾಕಿಸಿ ಎಂದು ಕೈಮುಗಿದು ಕೇಳುತ್ತೇನೆ.

ಸೌರಪ್ರಿಯೆ:
ಬಿಸಿಲಿನ ಪರವಾಗಿ ಯಾರೂ ಮಾತಾಡಲಿಲ್ಲವೆಂದು ಬರೆಯುತ್ತಿದ್ದೇನೆ. ಕಪ್ಪು ಚೀಲ ಸೋತದ್ದಕ್ಕೆ ಕಾರಣ ಬಿಸಿಲು ಕಡಿಮೆಯಾದದ್ದು ಮಾತ್ರವಲ್ಲ, ಅದಕ್ಕೆ ಹೊದಿಕೆ ಇಲ್ಲದಿರುವುದು. ಹಗಲಿಡೀ ಬಂದ ಶಾಖವನ್ನು ತಣ್ಣನೆಯ ಗಾಳಿ ಅಲ್ಲಿಂದಲ್ಲಿಗೇ ಕಿತ್ತುಕೊಂಡು ಹೋಗುತ್ತದೆ. ನಿರ್ವಾತ ಕೊಳವೆಗಳ ಹೀಟರಿನಲ್ಲಿ ಎರಡು ಗಾಜುಗಳ ನಡುವೆ ಗಾಳಿಯೇ ಇಲ್ಲದ ಕಾರಣ ಹೊರಗೆ ಎಷ್ಟೇ ಚಳಿಯಿದ್ದರೂ ಒಳಗಿನ ಶಾಖ ಹೊರಹೋಗುವುದು ಬಹಳ ಕಡಿಮೆ. ಬಿಸಿಲು ಕಂಡ ದಿನ ಚಳಿಗಾಲದಲ್ಲಿಯೂ ಅದು ನೀರನ್ನು ಚೆನ್ನಾಗಿ ಕಾಯಿಸುತ್ತದೆ. ಚಳಿಗಾಲಕ್ಕಾಗಿಯೇ ಹಾಕುವುದಾದರೆ ಅದರ ಓರೆಯನ್ನು ಆ ಸ್ಥಳದ ಅಕ್ಷಾಂಶಕ್ಕಿಂತ ಸುಮಾರು 15 ಡಿಗ್ರಿ ಹೆಚ್ಚಾಗಿ ಇಡಬೇಕು, ಏಕೆಂದರೆ ಸೂರ್ಯ ಆಗ ಕೆಳಗಿರುತ್ತಾನೆ. ಓರೆ ಕಡಿದಾದಷ್ಟೂ ಹಿಮ ಜಾರಿ ಬೀಳುವುದೂ ಸುಲಭ.

ಹೆಪ್ಪುಗಟ್ಟದಿರಲು ಎರಡು ದಾರಿಗಳಿವೆ. ಒಂದು, ಫಲಕದಲ್ಲಿ ಗ್ಲೈಕಾಲ್ ಬೆರೆತ ದ್ರವವನ್ನು ಸುತ್ತಿಸಿ ಅದರ ಶಾಖವನ್ನು ಮಾತ್ರ ಟ್ಯಾಂಕಿನ ನೀರಿಗೆ ದಾಟಿಸುವುದು. ಇನ್ನೊಂದು, ಪಂಪು ನಿಂತ ಕೂಡಲೇ ನೀರೆಲ್ಲ ಫಲಕದಿಂದ ಇಳಿದು ಮನೆಯೊಳಗಿನ ಟ್ಯಾಂಕಿಗೆ ಬರುವಂತೆ ಕೊಳವೆಗಳಿಗೆ ಇಳಿಜಾರು ಕೊಡುವುದು. ನನಗೆ ಎರಡನೆಯದೇ ಇಷ್ಟ.

ತಣ್ಣೀರು:
ಕಾರಿನ ರೇಡಿಯೇಟರಿಗೆ ಹಾಕುವ ದ್ರವವನ್ನೇ ಹಾಕಬಹುದಲ್ಲವೆ? ನನ್ನ ಬಳಿ ಒಂದು ಕ್ಯಾನ್ ಉಳಿದಿದೆ.

ಸೌರಪ್ರಿಯೆ:
ಅದು ಬಹುಪಾಲು ಎಥಿಲೀನ್ ಗ್ಲೈಕಾಲ್, ವಿಷ. ಸುರುಳಿಯಲ್ಲಿ ಸಣ್ಣ ತೂತಾದರೂ ಅದು ನಿಮ್ಮ ನೀರಿಗೆ ಸೇರುತ್ತದೆ, ರುಚಿ ಸಿಹಿಯಾದ್ದರಿಂದ ಪ್ರಾಣಿಗಳು ನೆಕ್ಕುತ್ತವೆ. ಇಂತಹ ಕಡೆ ಬಳಸಬೇಕಾದದ್ದು ಪ್ರೊಪಿಲೀನ್ ಗ್ಲೈಕಾಲ್. ಆ ಕ್ಯಾನನ್ನು ಕಾರಿಗೇ ಉಳಿಸಿಕೊಳ್ಳಿ.

ಲೆಕ್ಕದ_ಮೇಷ್ಟ್ರು:
ಸೌರಪ್ರಿಯೆಯವರು ಹೇಳಿದ್ದೆಲ್ಲ ಸರಿ, ಆದರೆ ‘ಬಿಸಿಲು ಕಂಡ ದಿನ’ ಎಂಬ ಎರಡೂವರೆ ಪದಗಳಲ್ಲಿ ಇಡೀ ಸಮಸ್ಯೆ ಅಡಗಿದೆ. ಮೋಡ ಮುಚ್ಚಿದ ಐದು ದಿನ ಒಟ್ಟಿಗೆ ಬಂದರೆ ಇವರಿಗೆ ಹೇಗಿದ್ದರೂ ಒಲೆಯೇ ಗತಿ. ಒಲೆ ಇದ್ದೇ ಇರುವಾಗ ಎರಡು ದಿನಕ್ಕೊಮ್ಮೆಯ ಎರಡು ಸ್ನಾನಕ್ಕೆ ಇಷ್ಟೊಂದು ಕೊಳವೆ ಏಕೆ?

ಸೌರಪ್ರಿಯೆ:
ವರ್ಷದ ಉಳಿದ ಎಂಟು ತಿಂಗಳು ಬೆಂಕಿ ಹಚ್ಚದೆ ಇರುವುದಕ್ಕೆ. ನೀವು ಚಳಿಗಾಲದ ಲೆಕ್ಕವನ್ನು ಮಾತ್ರ ಹಾಕುತ್ತಿದ್ದೀರಿ.

ನಲ್ಲಿತಿರುವು:
ಇಬ್ಬರೂ ಸರಿ. ಪ್ರಶ್ನೆ ಚಳಿಗಾಲದ್ದಾದ್ದರಿಂದ ಒಲೆಗೆ ಬರೋಣ.

ಬೆಟ್ಟದಂಚು:
ಒಲೆಯ ಹೊಗೆಕೊಳವೆಯ ಸುತ್ತ ತಾಮ್ರದ ಕೊಳವೆ ಸುತ್ತಿ ಎರಡೂ ತುದಿಗೆ ವಾಲ್ವ್ ಹಾಕಿದರೆ ಉಚಿತ ಗೀಸರ್ ಆಗುತ್ತದೆ. ಬೇಕಾದಾಗ ತೆರೆಯಬಹುದು, ಬೇಡವಾದಾಗ ಮುಚ್ಚಬಹುದು.

ನಲ್ಲಿತಿರುವು:
ಬೆಟ್ಟದಂಚಿನವರೇ, ಇವತ್ತು ನಿಮ್ಮ ಎರಡನೆಯ ಸಲಹೆಯೂ ಮೊದಲನೆಯದರಷ್ಟೇ ಭಯಂಕರವಾಗಿದೆ. ಎರಡೂ ತುದಿ ಮುಚ್ಚಿದ ಕೊಳವೆಯೊಳಗೆ ನೀರು ಉಳಿದು ಕೆಳಗೆ ಬೆಂಕಿ ಉರಿಯುತ್ತಿದ್ದರೆ ಅದು ಗೀಸರಲ್ಲ, ಬಾಂಬು. ನೀರು ಹಬೆಯಾದಾಗ ಅದರ ಗಾತ್ರ 1600 ಪಟ್ಟಿಗಿಂತ ಹೆಚ್ಚಾಗುತ್ತದೆ. ಒಲೆಗೆ ಸುರುಳಿ ಜೋಡಿಸುವುದಾದರೆ ಟ್ಯಾಂಕು ಸುರುಳಿಗಿಂತ ಮೇಲಿರಬೇಕು, ಬಿಸಿನೀರು ತಾನಾಗಿಯೇ ಮೇಲೇರಿ ತಣ್ಣೀರು ಕೆಳಗಿಳಿಯುವಂತೆ ಕೊಳವೆಗಳು ಒಂದೇ ಸಮನೆ ಏರುತ್ತ ಹೋಗಬೇಕು, ನಡುವೆ ಎಲ್ಲಿಯೂ ಮುಚ್ಚುವ ವಾಲ್ವ್ ಇರಕೂಡದು, ಟ್ಯಾಂಕಿನ ಬಾಯಿ ಗಾಳಿಗೆ ತೆರೆದಿರಬೇಕು. ಒತ್ತಡದ ವ್ಯವಸ್ಥೆಯೇ ಬೇಕೆಂದರೆ ಉಷ್ಣಾಂಶ ಮತ್ತು ಒತ್ತಡ ಎರಡಕ್ಕೂ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್ ಹಾಕಿಸಿ, ಅದನ್ನು ಬಲ್ಲವರ ಕೈಯಿಂದಲೇ ಮಾಡಿಸಿ.

ಹಂಡೆಯಮ್ಮ:
ಇಷ್ಟು ಹೊತ್ತು ಓದುತ್ತ ಕುಳಿತಿದ್ದೆ. ಗೀಸರ್, ಗ್ಲೈಕಾಲ್, ಸುರುಳಿ ಎಂದು ಎಲ್ಲರೂ ನೀರು ಕಾಯಿಸುವ ಬಗ್ಗೆಯೇ ಹೇಳುತ್ತಿದ್ದೀರಿ, ಆದರೆ ಒಂಟಿಮನೆಯವರು ಕೇಳಿದ್ದು ನಡುಗದೆ ಹೊರಬರುವುದು ಹೇಗೆಂದು. ಬಚ್ಚಲು ತಣ್ಣಗಿದ್ದರೆ ನೀರು ಎಷ್ಟು ಬಿಸಿಯಿದ್ದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ನಾನು ಇಂತಹ ಮನೆಯಲ್ಲಿ ಒಂಬತ್ತು ಚಳಿಗಾಲ ಕಳೆದಿದ್ದೇನೆ. ಮೊದಲ ಎರಡು ವರ್ಷ 40 ಲೀಟರ್ ಕಾಯಿಸುತ್ತಿದ್ದೆ, ಆದರೂ ಹಲ್ಲು ಕಟಕಟಿಸುತ್ತಿತ್ತು. ಈಗ 15 ಲೀಟರಿನಲ್ಲಿ ತಲೆಸ್ನಾನವೂ ಮುಗಿಯುತ್ತದೆ.

ನಾನು ಮಾಡುವುದು ಹೀಗೆ. ಸಂಜೆ ಒಲೆ ಹೊತ್ತಿಸಿದಾಗಲೇ ಅದರ ಮೇಲೆ ಮುಚ್ಚಳವಿರುವ ಪಾತ್ರೆಯಲ್ಲಿ ನೀರಿಡುತ್ತೇನೆ, ಮತ್ತು ಅದೇ ಹೊತ್ತಿಗೆ ಬಚ್ಚಲಿನ ಬಾಗಿಲನ್ನು ಹಾರು ಹೊಡೆದಿಡುತ್ತೇನೆ. ಎರಡು ಗಂಟೆಯಲ್ಲಿ ಬಚ್ಚಲಿನ ಹಲಗೆಗಳೂ ಬೆಚ್ಚಗಾಗಿರುತ್ತವೆ. ಆರು ಲೀಟರ್ ಕುದಿನೀರಿಗೆ ಒಂಬತ್ತು ಲೀಟರ್ ತಣ್ಣೀರು ಬೆರೆಸುತ್ತೇನೆ. ತಣ್ಣೀರನ್ನು ಮೊದಲು ಹಾಕಿ, ಕುದಿನೀರನ್ನು ಅದರ ಮೇಲೆ ಸುರಿದು, ಮೊಣಕೈ ಅದ್ದಿ ನೋಡುತ್ತೇನೆ. ಆ ನೀರನ್ನು ಗಿಡಗಳಿಗೆ ಔಷಧಿ ಹೊಡೆಯುವ ಕೈಪಂಪಿನ ಡಬ್ಬಕ್ಕೆ ತುಂಬುತ್ತೇನೆ (ಹೊಸ ಡಬ್ಬ, ಎಂದೂ ಔಷಧಿ ಕಾಣದ್ದು, ಇದನ್ನು ಎರಡು ಸಲ ಓದಿಕೊಳ್ಳಿ). ಹದಿನೈದು ಸಲ ಒತ್ತಿದರೆ ಸಣ್ಣ ಷವರಿನಂತೆ ನೀರು ಬರುತ್ತದೆ, ನಿಮಿಷಕ್ಕೆ ಒಂದು ಒಂದೂವರೆ ಲೀಟರ್ ಖರ್ಚಾಗುತ್ತದೆ. ಕಾಲುಗಳನ್ನು ಎರಡು ಲೀಟರ್ ಬಿಸಿನೀರಿರುವ ಅಗಲವಾದ ಬೋಗುಣಿಯಲ್ಲಿ ಇಟ್ಟು ನಿಲ್ಲುತ್ತೇನೆ. ಪಾದ ಬೆಚ್ಚಗಿದ್ದರೆ ಉಳಿದ ಮೈ ಅಷ್ಟು ದೂರುವುದಿಲ್ಲ. ಮೈ ನೆನೆಸಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ಆಮೇಲೆ ತೊಳೆದುಕೊಳ್ಳುವುದು, ಹಡಗಿನವರು ಮಾಡುವ ಹಾಗೆ.

ಕೊನೆಯ ಕೆಲಸ, ಒಲೆಯ ಹತ್ತಿರ ಕಾಯಿಸಿದ ಟವೆಲನ್ನು ಬಚ್ಚಲಿನ ಒಳಗೇ ಇಟ್ಟುಕೊಂಡು, ಮೈ ಪೂರ್ತಿ ಒರೆಸಿಕೊಳ್ಳದೆ ಬಾಗಿಲು ದಾಟದಿರುವುದು.

ಲೆಕ್ಕದ_ಮೇಷ್ಟ್ರು:
ಹಂಡೆಯಮ್ಮನವರ ಬೆರಕೆಯನ್ನು ಲೆಕ್ಕ ಹಾಕಿ ನೋಡಿದೆ: 95 ಡಿಗ್ರಿಯ ಆರು ಲೀಟರ್, 5 ಡಿಗ್ರಿಯ ಒಂಬತ್ತು ಲೀಟರ್, ಒಟ್ಟು 15 ಲೀಟರ್ 41 ಡಿಗ್ರಿಗೆ ಬರುತ್ತದೆ. ಡಬ್ಬಕ್ಕೆ ತುಂಬುವಾಗ ಒಂದೆರಡು ಡಿಗ್ರಿ ಇಳಿದು ಹದಕ್ಕೆ ನಿಲ್ಲುತ್ತದೆ. ಥರ್ಮಾಮೀಟರ್ ಇಲ್ಲದೆ ಇದನ್ನು ಕಂಡುಕೊಂಡವರಿಗೆ ನಮಸ್ಕಾರ.

ಟವೆಲಿನ ಮಾತೂ ಸಣ್ಣದಲ್ಲ. ಮೈಮೇಲೆ ಉಳಿದ 100 ಗ್ರಾಂ ನೀರು ಆವಿಯಾಗಲು ಸುಮಾರು 58 ಕಿಲೋಕ್ಯಾಲೊರಿ ಬೇಕು. ಅದನ್ನು ಅದು ಗಾಳಿಯಿಂದಲೂ ನಮ್ಮ ಚರ್ಮದಿಂದಲೂ ಕಿತ್ತುಕೊಳ್ಳುತ್ತದೆ. 70 ಕಿಲೋ ತೂಕದ ದೇಹದಿಂದ ಅಷ್ಟನ್ನೂ ತೆಗೆದರೆ ಇಡೀ ದೇಹ ಒಂದು ಡಿಗ್ರಿ ತಣ್ಣಗಾಗುವಷ್ಟು ಶಾಖ ಅದು. ನಾವು ನಡುಗುವುದು ನೀರು ಸುರಿಯುವಾಗಲ್ಲ, ನೀರು ನಿಂತ ಮೇಲೆ.

ಇದ್ದಿಲು:
ಔಷಧಿ ಡಬ್ಬದಲ್ಲಿ ಸ್ನಾನ ಮಾಡುವುದಕ್ಕೆ ಷವರ್ ಎಂಬ ಹೆಸರು ಕೊಡಬಹುದೆ ಎಂಬುದು ನನ್ನ ವಿನಮ್ರ ಪ್ರಶ್ನೆ.

ಹಂಡೆಯಮ್ಮ:
ನಿಮ್ಮ ಗೀಸರಿನ ತಿರುಪನ್ನು ಬಿಚ್ಚಿ ಬಂದ ಮೇಲೆ ಉತ್ತರಿಸುತ್ತೇನೆ.

ಹಿಮದಾರಿ:
ಒರತೆಯೇ ಹೆಪ್ಪುಗಟ್ಟಿದರೆ ಏನು ಮಾಡುತ್ತೀರಿ ಎಂಬುದನ್ನೂ ಯೋಚಿಸಿಡಿ. ಹಿಮ ಕರಗಿಸಿ ಸ್ನಾನ ಮಾಡಬಹುದು, ಆದರೆ ಅದು ದುಬಾರಿ ಸ್ನಾನ. ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರು ಮಾಡಲು ಬೇಕಾಗುವ ಶಾಖದಲ್ಲಿ ಅಷ್ಟೇ ನೀರನ್ನು 80 ಡಿಗ್ರಿಗೆ ಕಾಯಿಸಬಹುದು. ಹಾಗಾಗಿ 40 ಡಿಗ್ರಿಯ ಸ್ನಾನದ ನೀರಿಗೆ ಸುಡುವ ಸೌದೆಯಲ್ಲಿ ಮೂರರಲ್ಲಿ ಎರಡು ಪಾಲು ಬರೀ ಕರಗಿಸುವುದಕ್ಕೇ ಹೋಗುತ್ತದೆ. ಆಗತಾನೆ ಬಿದ್ದ ಹಿಮ ಹತ್ತು ಬಕೆಟ್ ತುಂಬಿದರೆ ಒಂದು ಬಕೆಟ್ ನೀರಾಗುತ್ತದೆ. ಪಾತ್ರೆಯ ತಳದಲ್ಲಿ ಎರಡು ಲೋಟ ನೀರು ಹಾಕಿದ ಮೇಲೆಯೇ ಹಿಮ ತುಂಬಿ, ಇಲ್ಲದಿದ್ದರೆ ತಳ ಸೀಯುತ್ತದೆ, ನೀರಿಗೂ ಕಮಟು ವಾಸನೆ ಬರುತ್ತದೆ. ಹೆಚ್ಚು ಸುಲಭವಾದದ್ದು, ಮನೆಯೊಳಗೆ 50 ಲೀಟರಿನ ಡ್ರಮ್ಮಿನಲ್ಲಿ ಸದಾ ನೀರು ತುಂಬಿಟ್ಟಿರುವುದು. ಅದು ಕೋಣೆಯ ಉಷ್ಣಾಂಶಕ್ಕೆ, ಅಂದರೆ 18 ಡಿಗ್ರಿಗೆ ಬಂದು ನಿಂತಿದ್ದರೆ ಏರಿಸಬೇಕಾದ 35 ಡಿಗ್ರಿಯಲ್ಲಿ 13 ಡಿಗ್ರಿ ಆಗಲೇ ಏರಿದಂತಾಯಿತು.

ತಣ್ಣೀರು:
ನಲ್ಲಿಯನ್ನು ಸಣ್ಣಗೆ ಹರಿಯಲು ಬಿಟ್ಟರೆ ಕೊಳವೆ ಹೆಪ್ಪುಗಟ್ಟುವುದಿಲ್ಲ ಎಂದು ಕೇಳಿದ್ದೇನೆ.

ನಲ್ಲಿತಿರುವು:
ಕೊಳವೆಗೆ ಅದು ನಿಜ, ಆದರೆ ಹರಿದ ನೀರು ಹೋಗುವ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆಯ ಗುಡ್ಡ ಎದ್ದಿರುತ್ತದೆ. ಹನಿಯಾಗಿ ತೊಟ್ಟಿಕ್ಕಿದರಂತೂ ಚರಂಡಿಯ ಕೊಳವೆಯೇ ಮೊದಲು ಮುಚ್ಚಿಕೊಳ್ಳುತ್ತದೆ.

ಕೊಳೆಯುವ_ಗುಡ್ಡೆ:
ಗೊಬ್ಬರದ ಗುಡ್ಡೆಯ ಬಗ್ಗೆ ಯಾರಾದರೂ ಹೇಳುತ್ತಾರೆಂದು ಕಾದೆ. ಫ್ರಾನ್ಸಿನಲ್ಲಿ ಜಾನ್ ಪ್ಯಾಂ ಎಂಬವರು 1970ರ ದಶಕದಲ್ಲಿ ಕಾಡಿನ ಪೊದೆ, ರೆಂಬೆಗಳನ್ನು ಚೂರು ಮಾಡಿ ದೊಡ್ಡ ಗುಡ್ಡೆ ಹಾಕಿ, ಅದರೊಳಗೆ ಕೊಳವೆಯ ಸುರುಳಿ ಹುದುಗಿಸಿ ಮನೆಗೆ ಬಿಸಿನೀರು ಪಡೆದಿದ್ದರು. ನಾನು ಸಣ್ಣದಾಗಿ ಮಾಡಿ ನೋಡಿದೆ. ಎದೆಯೆತ್ತರದ ಗುಡ್ಡೆಯ ನಡುಭಾಗ ಮೊದಲ ಮೂರು ವಾರ ಕೈಯಿಡಲಾಗದಷ್ಟು ಬಿಸಿಯಿತ್ತು, ಆಮೇಲೆ ಚಳಿ ಜೋರಾದದ್ದೇ ತಡ ಹೊರಗಿನಿಂದ ತಣ್ಣಗಾಗುತ್ತ ಬಂತು. ಗುಡ್ಡೆ ದೊಡ್ಡದಿದ್ದರೆ ಮಾತ್ರ ಅದು ತನ್ನ ಶಾಖವನ್ನು ತಾನೇ ಹೊದ್ದುಕೊಂಡಿರುತ್ತದೆ. ದೊಡ್ಡದೆಂದರೆ ಟ್ರ್ಯಾಕ್ಟರಿನ ಲೆಕ್ಕದಲ್ಲಿ ದೊಡ್ಡದು, ಗುದ್ದಲಿಯ ಲೆಕ್ಕದಲ್ಲಲ್ಲ. ಈ ವರ್ಷ ಶುರು ಮಾಡಲು ತಡವಾಯಿತು, ಒಂಟಿಮನೆಯವರಿಗೆ ಇದು ಉತ್ತರವಲ್ಲ.

ಹೊಗೆಕೊಳವೆ:
ಬಚ್ಚಲಿನ ಬಾಗಿಲು ತೆರೆದಿಟ್ಟು ಬೆಚ್ಚಗಾಗಿಸುವುದು ಒಳ್ಳೆಯದೇ, ಆದರೆ ಸ್ನಾನದ ಬಳಿಕ ಆ ಬಾಗಿಲು ಮುಚ್ಚಿ, ಬಚ್ಚಲಿನ ಹೊರಕಿಟಕಿಯನ್ನು ಹತ್ತು ನಿಮಿಷ ತೆರೆಯಿರಿ. ಇಲ್ಲವಾದರೆ ಆ ಹಬೆಯೆಲ್ಲ ಮನೆಯೊಳಗೆ ಬಂದು ತಣ್ಣನೆಯ ಹಲಗೆಗಳ ಸಂದಿನಲ್ಲಿ ನೀರಾಗಿ ಕೂರುತ್ತದೆ. ನಮ್ಮ ಮನೆಯ ಮೂಲೆಯಲ್ಲಿ ಕಪಾಟಿನ ಹಿಂದೆ ಕಪ್ಪು ಬೂಷ್ಟು ಹಬ್ಬಿದ್ದು ಕಪಾಟು ಸರಿಸಿದ ದಿನವೇ ಗೊತ್ತಾದದ್ದು.

ಲೆಕ್ಕದ_ಮೇಷ್ಟ್ರು:
ಮತ್ತು ಕುದಿನೀರಿನ ಪಾತ್ರೆಯನ್ನು ಒಲೆಯಿಂದ ಬಚ್ಚಲಿಗೆ ಹೊತ್ತು ಸಾಗಿಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 60 ಡಿಗ್ರಿಯ ನೀರೇ ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಬೇಯಿಸುತ್ತದೆ. ಆರು ಲೀಟರನ್ನು ಒಂದೇ ಸಲ ಹೊರುವ ಬದಲು ಎರಡು ಲೀಟರಿನ ಕೆಟಲಿನಲ್ಲಿ ಮೂರು ಸಲ ಒಯ್ಯಿರಿ.

ಒಂಟಿಮನೆ:
ಹತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದಗಳು. ಹಂಡೆಯಮ್ಮನವರ ದಾರಿಯನ್ನೇ ಹಿಡಿದೆವು, ಒಂದು ಬದಲಾವಣೆಯೊಡನೆ. ಕೈಪಂಪಿನ ಡಬ್ಬದ ಬದಲು ಬಕೆಟ್ಟಿನೊಳಗೆ ಮುಳುಗಿಸಿಡುವ 12 ವೋಲ್ಟಿನ ಸಣ್ಣ ಪಂಪನ್ನು ತಂದು ಅದಕ್ಕೆ ಷವರಿನ ತಲೆ ಸಿಕ್ಕಿಸಿದ್ದೇವೆ. ಬ್ಯಾಟರಿ ಇದನ್ನು ಗಮನಿಸಿದಂತೆಯೂ ಕಾಣುತ್ತಿಲ್ಲ. ಸ್ನಾನ ಮುಗಿದ ಮೇಲೆ ಪಂಪು, ಕೊಳವೆ, ಷವರ್ ಎಲ್ಲವನ್ನೂ ಅದೇ ಬಕೆಟ್ಟಿಗೆ ಹಾಕಿ ಒಲೆಯ ಪಕ್ಕದಲ್ಲಿಡುತ್ತೇವೆ, ಹೀಗಾಗಿ ಬಿಚ್ಚಬೇಕಾದ ತಿರುಪೂ ಇಲ್ಲ, ಹೆಪ್ಪುಗಟ್ಟುವ ಸುರುಳಿಯೂ ಇಲ್ಲ. ಬೋಗುಣಿಯಲ್ಲಿ ಕಾಲಿಟ್ಟು ನಿಲ್ಲುವ ಸಲಹೆಗೆ ಮನೆಯವರು ಮೊದಲು ನಕ್ಕರು, ಈಗ ಬೋಗುಣಿಯಿಲ್ಲದೆ ಬಚ್ಚಲಿಗೆ ಹೋಗುವುದಿಲ್ಲ. ಮೊನ್ನೆ ಇಬ್ಬರ ಸ್ನಾನಕ್ಕೆ ಒಟ್ಟು 28 ಲೀಟರ್ ಹಿಡಿಯಿತು. ಕನ್ನಡಿಯ ಮೇಲೆ ಹಬೆ ಕಟ್ಟಿ ಇಳಿಯುತ್ತಿರುವುದನ್ನು ಈ ಮನೆಯಲ್ಲಿ ಮೊದಲ ಸಲ ನೋಡಿದೆ.

ಮಾನಾಕ್ಸೈಡ್ ಅಲಾರಂ ಕೂಡ ತಂದು ಹಾಕಿದ್ದೇವೆ. ಸೌರಪ್ರಿಯೆಯವರ ಇಳಿಜಾರಿನ ಯೋಜನೆಯನ್ನು ಹಿಮ ಕರಗಿದ ಮೇಲೆ ನೋಡುತ್ತೇವೆ.

ಬೆಟ್ಟದಂಚು:
ನಾನೂ ಗೀಸರನ್ನು ಹೊರಗೋಡೆಗೆ ಸಾಗಿಸಿದ್ದೇನೆ ಎಂದು ಹೊಗೆಕೊಳವೆಯವರಿಗೆ ತಿಳಿಸಬಯಸುತ್ತೇನೆ. ಬಿಚ್ಚಿದಾಗ ಬರ್ನರಿನಲ್ಲಿ ಜೇಡರ ಬಲೆ ಇತ್ತು.

ಹೊಗೆಕೊಳವೆ:
ಇವತ್ತು ನಿದ್ದೆ ಚೆನ್ನಾಗಿ ಬರುತ್ತದೆ.

ನಲ್ಲಿತಿರುವು:
ಒಂಟಿಮನೆಯವರೇ, ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ನೀವು ಹೇಳಲೇ ಇಲ್ಲ. ನೆಲದ ಕೆಳಗೆ ವಾಸನೆ ತಡೆಯಲು ಬಾಗಿದ ಕೊಳವೆಯಿದ್ದರೆ ಅದರಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ.

ಒಂಟಿಮನೆ:
ಇದೆ, ಮತ್ತು ಅದು ಹೆಪ್ಪುಗಟ್ಟಿದೆ ಎಂಬುದು ಇವತ್ತು ಬೆಳಗ್ಗೆ ನೀರು ಪಾದದ ಗಂಟಿನವರೆಗೆ ಏರಿದಾಗ ತಿಳಿಯಿತು. ಒಂದು ಕೆಟಲ್ ಕುದಿನೀರು ಸುರಿದೆ, ಇಳಿಯಲಿಲ್ಲ.

ನಲ್ಲಿತಿರುವು:
ಕುದಿನೀರನ್ನು ಮತ್ತೆ ಸುರಿಯಬೇಡಿ, ಪ್ಲಾಸ್ಟಿಕ್ ಕೊಳವೆಯಾದರೆ ಸೀಳುತ್ತದೆ. ನಿಂತ ನೀರನ್ನು ಮೊಗೆದು ತೆಗೆದು, ಎರಡು ಹಿಡಿ ಉಪ್ಪು ಬೆರೆಸಿದ ಬೆಚ್ಚನೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಹೋಗಿ. ಬಿಟ್ಟುಕೊಂಡ ಮೇಲೆ ಆ ಬಾಗಿದ ತುಂಡನ್ನು ಚಳಿಗಾಲ ಮುಗಿಯುವವರೆಗೆ ತೆಗೆದುಬಿಟ್ಟು ನೇರ ಕೊಳವೆ ಹಾಕಿ, ಮೇಲಿನಿಂದ ರಬ್ಬರಿನ ಬಿರಡೆ ಮುಚ್ಚಿಡಿ. ನೀರು ಒರತೆಯಿಂದ 60 ಮೀಟರಾದರೂ ದೂರದಲ್ಲಿ ಇಂಗುವಂತೆ ನೋಡಿಕೊಳ್ಳಿ. ಬಿಡದಿದ್ದರೆ ಕೊಳವೆಯ ಕೆಳಗಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.

ಒಂಟಿಮನೆ:
ಮೂರನೆಯ ಲೋಟಕ್ಕೆ ಬಿಟ್ಟುಕೊಂಡಿತು. ಬಿರಡೆ ಹುಡುಕುತ್ತಿದ್ದೇನೆ.